ಟಾಂಪಿಕೋದ ಅಳಿವೆ ಮತ್ತು ಕಾಕನ ಪಾಸ್‌ಪೋರ್ಟ್

ಬಾಯಿ ಮುಚ್ಚಿಕೊಂಡು ಇರುವವರಿಗೆ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ನನಗೆ ಆ ಅಭ್ಯಾಸ ಹುಟ್ಟಿನಿಂದಲೇ ಇಲ್ಲ, ಆದ್ದರಿಂದ ದುಬೈಯಲ್ಲಿ ನಾನು ಕೆಲಸ ಮಾಡಿದಷ್ಟು ವರ್ಷವೂ ವಾರಕ್ಕೊಂದಾದರೂ ನಡೆಯುತ್ತಲೇ ಇತ್ತು. ಎಲ್ಲವನ್ನೂ ಬರೆದರೆ ಕಾಗದ ಸಾಲದು. ಒಂದು ಚಳಿಗಾಲದಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ.

೧. ಕ್ಯಾನ್ಸಲ್

ನಮ್ಮ ಆಫೀಸು ದುಬೈಯ ನೈಫ್ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬೇರೆಯವರ ಸಾಮಾನನ್ನು ಬೇರೆಯವರ ಹಡಗಿಗೆ ಹತ್ತಿಸಿ ಬೇರೆ ದೇಶಕ್ಕೆ ಕಳಿಸುವುದು ನಮ್ಮ ಕೆಲಸ. ಹಡಗು ನಮ್ಮದಲ್ಲ, ಸಾಮಾನು ನಮ್ಮದಲ್ಲ, ಕಾಗದ ಮಾತ್ರ ನಮ್ಮದು. ಆ ಕಾಗದಗಳನ್ನು ಟೈಪ್ ಮಾಡುವವಳು ನಾನು. ಅವನ್ನು ಹಿಡಿದುಕೊಂಡು ಪೋರ್ಟು, ಕಸ್ಟಮ್ಸು ಎಂದು ಬಿಸಿಲಿನಲ್ಲಿ ಅಲೆಯುವವರು ಉಳ್ಳಾಲದ ಒಬ್ಬ ಬ್ಯಾರಿ ಹಿರಿಯರು. ಇಡೀ ಆಫೀಸು ಅವರನ್ನು ಕಾಕ ಎನ್ನುತ್ತಿತ್ತು. ನಮ್ಮಿಬ್ಬರ ಮೇಲೆ ಗದಗಿನ ಕಡೆಯ ಮ್ಯಾನೇಜರು.

ಮ್ಯಾನೇಜರು ಕೆಟ್ಟವರೇನಲ್ಲ. ಹಬ್ಬಕ್ಕೆ ಮನೆಯಿಂದ ಹೋಳಿಗೆ ತಂದುಕೊಡುತ್ತಿದ್ದರು. ಆದರೆ ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುವ ಮಾತು ‘ಕ್ಯಾನ್ಸಲ್’. ಏಸಿ ರಿಪೇರಿ ಮಾಡಿಸಿ ಎಂದರೆ, "ವೀಸಾ ಕ್ಯಾನ್ಸಲ್ ಮಾಡ್ಲೇನು? ಊರಾಗ ತಂಪೈತಿ." ಊರಿಗೆ ರಜೆ ಬೇಕು ಎಂದರೆ, "ಕ್ಯಾನ್ಸಲ್ ಮಾಡ್ತೀನಿ, ಪೂರಾ ರಜಾನ ತಗೋರಿ." ಎಲ್ಲರ ವೀಸಾ ಕಂಪನಿಯದು, ಎಲ್ಲರ ಪಾಸ್‌ಪೋರ್ಟ್ ಮ್ಯಾನೇಜರ ಡ್ರಾಯರಿನಲ್ಲಿ. ಆ ಡ್ರಾಯರಿನ ಬೀಗದ ಕೈ ಅವರ ಬೆಲ್ಟಿನಲ್ಲಿ. ಅವರು ನಡೆದಾಗ ಅದು ಕಿಣಿಕಿಣಿ ಎನ್ನುತ್ತಿತ್ತು, ಆಫೀಸಿನಲ್ಲಿ ತಲೆಗಳು ಬಗ್ಗುತ್ತಿದ್ದವು.

ನನ್ನ ತಲೆ ಮಾತ್ರ ಬಗ್ಗುತ್ತಿರಲಿಲ್ಲ. ನಾನು ಬಹಳ ಧೈರ್ಯವಂತೆ ಎಂದಲ್ಲ. ನನ್ನ ಗಂಡ ರಾಸ್ ಅಲ್ ಖೋರ್‌ನಲ್ಲಿ ಗಾಡಿ ರಿಪೇರಿಯ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ನಾನು ದುಬೈಯಲ್ಲಿದ್ದದ್ದು ಅವರ ವೀಸಾದ ಮೇಲೆ. ನನ್ನ ಪಾಸ್‌ಪೋರ್ಟ್ ನಮ್ಮ ಮನೆಯ ಅಕ್ಕಿ ಡಬ್ಬದ ಹಿಂದೆ ಇತ್ತು. ಈ ಸುದ್ದಿ ಹಬ್ಬಿದ ಮೇಲೆ ಆಫೀಸಿನವರೆಲ್ಲ ತಮ್ಮ ತಕರಾರನ್ನು ನನ್ನ ಬಾಯಿಯಲ್ಲಿ ಹೇಳಿಸತೊಡಗಿದರು. ಓವರ್‌ಟೈಮು, ಕುಡಿಯುವ ನೀರು, ಬಾತ್‌ರೂಮಿನ ಮುರಿದ ಚಿಲಕ, ಎಲ್ಲಕ್ಕೂ ನಾನೇ ಒಳಗೆ ಹೋಗಬೇಕು. ಒಂದು ದಿನ ಚಿಲಕದ ವಿಷಯಕ್ಕೆ ಹೋದಾಗ ಮ್ಯಾನೇಜರು ಸಿಟ್ಟಿನಲ್ಲಿ ಮರೆತು, "ಮೇಡಂ, ಭಾಳ ಆತು. ನಿಮ್ಮನ್ನೂ ಕ್ಯಾನ್ಸಲ್ ಮಾಡಿಬಿಡ್ತೀನಿ" ಎಂದರು.

"ಅದಕ್ಕೆ ನನ್ನ ಗಂಡನನ್ನು ಕೇಳ್ಬೇಕು ಸಾರ್" ಎಂದೆ. "ಅವರೂ ಹನ್ನೊಂದು ವರ್ಷದಿಂದ ಹಾಗೇ ಹೇಳ್ತಾ ಇದ್ದಾರೆ, ಇನ್ನೂ ಆಗಲಿಲ್ಲ."

ಸಂಜೆಯೊಳಗೆ ಹೊಸ ಚಿಲಕ ಬಂತು.

೨. ಏಸಿಯ ಹಿಂದಿನ ಊರು

ಆ ಚಳಿಗಾಲದಲ್ಲಿ ರಾಸ್ ಅಲ್ ಖೋರ್‌ನ ಒಬ್ಬ ವ್ಯಾಪಾರಿ ಎರಡು ಕಂಟೇನರ್ ವಾಲ್ವ್‌ಗಳನ್ನು ಮೆಕ್ಸಿಕೋದ ಟಾಂಪಿಕೋ ಎಂಬ ಊರಿಗೆ ಕಳಿಸಬೇಕೆಂದು ಬಂದ. ಎಣ್ಣೆ ಕಾರ್ಖಾನೆಯ ಕೊಳವೆಗಳಿಗೆ ಹಾಕುವ, ಒಬ್ಬ ಮನುಷ್ಯ ಎತ್ತಲಾಗದ ಕಬ್ಬಿಣದ ವಾಲ್ವ್‌ಗಳು. ನಮ್ಮಲ್ಲಿ ಯಾರೂ ಆ ಊರಿನ ಹೆಸರು ಕೇಳಿರಲಿಲ್ಲ. ಗೋಡೆಯಲ್ಲಿ ದೊಡ್ಡ ಭೂಪಟವೇನೋ ಇತ್ತು. ಆದರೆ ಏಸಿ ಕೂರಿಸುವಾಗ ಅದನ್ನು ಕತ್ತರಿಸಿದ್ದರು. ಮೆಕ್ಸಿಕೋ ಇರಬೇಕಾದಲ್ಲಿ ಏಸಿ ಇತ್ತು. ಸಮುದ್ರ ಮಾತ್ರ ಸರಿಯಾಗಿ ಅದರ ಕೆಳಗೆ ತೊಟ್ಟಿಕ್ಕುತ್ತಿತ್ತು.

ಮಗಳ ಶಾಲೆಯ ಅಟ್ಲಾಸ್ ತಂದು ನೋಡಿದೆ. ಟಾಂಪಿಕೋ ಸಮುದ್ರದ ಮೇಲಿಲ್ಲ, ನದಿಯ ಒಳಗಿದೆ. ನದಿ ಸಮುದ್ರಕ್ಕೆ ಸೇರುವ ಬಾಯಿಯಿಂದ ಸ್ವಲ್ಪ ಒಳಗೆ. ನಾನು ಗಂಗೊಳ್ಳಿಯ ಅಳಿವೆಯ ದಡದಲ್ಲಿ ಬೆಳೆದವಳು. ನದಿ ಸಮುದ್ರಕ್ಕೆ ಸೇರುವಲ್ಲಿ ಮರಳು ಬಂದು ಕೂರುತ್ತದೆ, ನೀರು ಕಾಣುತ್ತದೆ, ಆಳ ಇರುವುದಿಲ್ಲ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಕಾಕನಿಗೂ ಗೊತ್ತು. ಅವರದು ನೇತ್ರಾವತಿಯ ಅಳಿವೆ.

"ಅಕ್ಕಾ, ನಮ್ಮಲ್ಲಿ ಮೀನಿನ ಬೋಟೇ ಸಿಕ್ಕಿ ಬೀಳ್ತದೆ" ಎಂದರು ಕಾಕ. "ಇಷ್ಟು ದೊಡ್ಡ ಹಡಗು ಹೇಗೆ ಒಳಗೆ ಹೋಗುದು?"

ಅದನ್ನೇ ಮ್ಯಾನೇಜರಿಗೆ ಹೇಳಿದೆ. ಮೊದಲು ವಿಚಾರಿಸೋಣ, ಹತ್ತಿರದಲ್ಲಿ ಆಳದ ಬಂದರು ಇದ್ದೀತು, ಅಲ್ಲಿ ಇಳಿಸಿ ಲಾರಿಯಲ್ಲಿ ಕಳಿಸುವ ಹಾಗೆ ಕಾಗದ ಮಾಡೋಣ ಎಂದೆ. ಅವರಾಗಲೇ ವ್ಯಾಪಾರಿಗೆ, ಹಡಗು ನೇರ ಅಲ್ಲಿನ ಕಾರ್ಖಾನೆಯ ಬಾಗಿಲಿಗೇ ಹೋಗುತ್ತದೆ ಎಂದು ಮಾತು ಕೊಟ್ಟು ಚಹಾ ಕುಡಿಸಿ ಕಳಿಸಿದ್ದರು.

"ನದಿ ಅಂದ್ರ ನೀರು ಇರತೈತಿ ಇಲ್ಲೋ? ನೀರು ಇದ್ರ ಹಡಗ ತೇಲತೈತಿ. ಇದರಾಗ ತಿಳಕೊಳ್ಳೋದು ಏನೈತ್ರೀ? ನೀವೇನು ಟಾಂಪಿಕೋ ನೋಡೀರೇನು?"

"ಗಂಗೊಳ್ಳಿ ನೋಡಿದ್ದೇನೆ ಸಾರ್."

"ಮೆಕ್ಸಿಕೋದ ಮಾತಿನಾಗ ಗಂಗೊಳ್ಳಿ ಯಾಕ ತರ್ತೀರಿ?"

ಇದೇ ಹೊತ್ತಿಗೆ ಕಾಕ ತಮ್ಮ ರಜೆಯ ಅರ್ಜಿಯನ್ನು ಮೇಜಿನ ಮೇಲಿಟ್ಟರು. ಹದಿನಾಲ್ಕು ವರ್ಷ ಕಂತುಕಂತಾಗಿ ಉಳ್ಳಾಲದಲ್ಲಿ ಒಂದು ಮನೆ ಕಟ್ಟಿಸಿದ್ದರು. ಅಡಿಪಾಯ ಹಾಕಿದಾಗ ಒಮ್ಮೆ ನೋಡಿದ್ದು, ಮತ್ತೆ ನೋಡಿಲ್ಲ. ಮಿಕ್ಕದ್ದೆಲ್ಲ ಫೋಟೋ. ಈಗ ಮನೆ ಒಕ್ಕಲಿಗೆ, ಅಂದರೆ ಹೊಸ ಮನೆ ಹೊಗುವುದಕ್ಕೆ, ದಿನ ಗೊತ್ತುಮಾಡಿಯಾಗಿತ್ತು. ಮ್ಯಾನೇಜರು ಅರ್ಜಿ ಓದಿ, "ಟಾಂಪಿಕೋ ಹಡಗ ಬಿಡ್ಲಿ, ಪಾಸ್‌ಪೋರ್ಟ್ ಕೊಡ್ತೀನಿ" ಎಂದರು. ಹಡಗು ಬಿಟ್ಟಿತು. "ಅರ್ಧ ದಾರಿ ದಾಟ್ಲಿ" ಎಂದರು. ದಾಟಿತು. "ಮುಟ್ಲಿ" ಎಂದರು.

ಕಾಕ ಹೊರಗೆ ಬಂದು ತಮ್ಮ ಟೊಪ್ಪಿ ಸರಿಮಾಡಿಕೊಂಡು ಹೇಳಿದರು: "ಅಕ್ಕಾ, ನನಗಿಂತ ಆ ವಾಲ್ವೇ ಪುಣ್ಯ ಮಾಡಿದ್ದು. ಅದಕ್ಕೆ ಪಾಸ್‌ಪೋರ್ಟ್ ಬೇಡ."

೩. ಆರು ಗಂಟೆಯ ಬೀಗ

ಟಾಂಪಿಕೋದಲ್ಲಿ ನಮ್ಮ ಕೆಲಸ ನೋಡಿಕೊಳ್ಳಲು ಒಂದು ಏಜೆಂಟ್ ಆಫೀಸನ್ನು ಗೊತ್ತುಮಾಡಿದ್ದೆವು. ಹಡಗು ಒಳಗೆ ಹೋಗುತ್ತದೋ ಇಲ್ಲವೋ ಎಂದು ಅವರನ್ನು ಕೇಳಿ ಫ್ಯಾಕ್ಸ್ ಮಾಡಿದರೆ ಉತ್ತರವೇ ಸರಿಯಾಗಿ ಬರುತ್ತಿರಲಿಲ್ಲ. ಮ್ಯಾನೇಜರು ದಿನಾ ಬೈಯುತ್ತಿದ್ದರು. "ಆಳಸಿ ಮಂದಿ. ಫೋನ್ ಮಾಡಿದ್ರ ಒಬ್ಬನೂ ಎತ್ತಂಗಿಲ್ಲ."

ನಾನು ಕೂತು ಲೆಕ್ಕ ಹಾಕಿದೆ. ನಮ್ಮಲ್ಲಿ ಸಂಜೆ ಆರಾದರೆ ಅಲ್ಲಿ ಬೆಳಿಗ್ಗೆ ಎಂಟು. ಮ್ಯಾನೇಜರು ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಿದ್ದಾಗ ಅಲ್ಲಿನವರು ಮನೆಯಲ್ಲಿ ಹೊದ್ದು ಮಲಗಿರುತ್ತಿದ್ದರು. ಅವರಿಗೆ ಶನಿವಾರ, ಭಾನುವಾರ ರಜೆ. ನಮಗೆ ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಪೂರ್ತಿ ರಜೆ. ಕಳೆದು ಕೂಡಿಸಿದರೆ ಇಬ್ಬರ ಆಫೀಸೂ ಒಟ್ಟಿಗೆ ತೆರೆದಿರುವುದು ವಾರಕ್ಕೆ ಮೂರು ಸಂಜೆ, ಆರರಿಂದ ಎಂಟರವರೆಗೆ. ಅವರಲ್ಲಿ ಇಂಗ್ಲಿಷ್ ಬರೆಯಬಲ್ಲವರು ಒಬ್ಬರೇ ಎಂದು ಕಾಣುತ್ತಿತ್ತು, ಯಾಕೆಂದರೆ ಓದಲಾಗುವ ಫ್ಯಾಕ್ಸ್ ಬರುತ್ತಿದ್ದದ್ದು ಶುಕ್ರವಾರದ ತಾರೀಕಿನಲ್ಲಿ ಮಾತ್ರ. ಅವತ್ತು ನಮ್ಮ ಬಾಗಿಲು ಹಾಕಿರುತ್ತಿತ್ತು.

ಇಷ್ಟಾದರೂ ದಾರಿ ಇತ್ತು. ಸೋಮವಾರ ಸಂಜೆ ಆರಕ್ಕೆ ರಿಸೀವರ್ ಎತ್ತಿದೆ. ಲೈನು ಸತ್ತಿತ್ತು. ಆಗ ನೆನಪಾಯಿತು: ನಾವು ಕಂಪನಿಯ ಖರ್ಚಿನಲ್ಲಿ ಊರಿಗೆ ಮಾತಾಡುತ್ತೇವೆಂದು ಮ್ಯಾನೇಜರು ದಿನಾ ಸಂಜೆ ಆರಕ್ಕೆ ಸರಿಯಾಗಿ ಹೊರದೇಶದ ಲೈನಿಗೆ ಬೀಗ ಹಾಕುತ್ತಿದ್ದರು. ಫೋನು, ಫ್ಯಾಕ್ಸು ಎರಡಕ್ಕೂ.

ನಾನು ಸೀದಾ ಒಳಗೆ ಹೋದೆ. "ಸಾರ್, ಟಾಂಪಿಕೋದವರು ಆಳಸಿಗಳಲ್ಲ. ಅವರ ಊರಿನಲ್ಲಿ ಬೆಳಗಾಗುದೇ ನೀವು ಬೀಗ ಹಾಕಿದ ಮೇಲೆ."

ಮ್ಯಾನೇಜರು ಗಡಿಯಾರ ನೋಡಿದರು, ಏಸಿ ಇದ್ದ ಭೂಪಟ ನೋಡಿದರು, ಬೀಗ ತೆಗೆದರು. ಆಮೇಲೆ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು, ನಾನು ಮೆಕ್ಸಿಕೋ ಎಂದು ಹೇಳಿ ಗಂಗೊಳ್ಳಿಗೆ ಮಾತಾಡಿಬಿಟ್ಟರೆ ಎಂದು.

೪. ಏಡಿಗೆ ಔಷಧ

ಫೋನ್ ಎತ್ತಿದವಳು ಒಬ್ಬ ಹೆಂಗಸು, ನನ್ನ ಹಾಗೇ ಕಾಗದ ನೋಡುವ ಗುಮಾಸ್ತೆ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಇಬ್ಬರೂ ಐದು ನಿಮಿಷ ಗಟ್ಟಿಯಾಗಿ ಮಾತಾಡಿದೆವು. ಗಟ್ಟಿಯಾಗಿ ಹೇಳಿದರೆ ಅರ್ಥವಾಗುತ್ತದೆ ಎಂದು ಆ ದೇಶದಲ್ಲೂ ನಂಬುತ್ತಾರೆ. ಆಗಲಿಲ್ಲ. ಫೋನ್ ಇಟ್ಟು ಒಂದು ಬಿಳಿ ಹಾಳೆ ತೆಗೆದುಕೊಂಡೆ. ಒಂದು ಹಡಗು, ಅದರ ಅಡಿಯಲ್ಲಿ ನದಿ, ನದಿಯ ಬಾಯಲ್ಲಿ ಮರಳು, ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ. ಫ್ಯಾಕ್ಸ್ ಮಾಡಿದೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಅವಳೂ ಹಡಗು ಬರೆದಿದ್ದಳು, ನನ್ನದಕ್ಕಿಂತ ಚೆನ್ನಾಗಿ. ಅದರ ಹೊಟ್ಟೆ ಮರಳಿಗೆ ತಾಗಿತ್ತು, ಮೇಲೆ ಅಡ್ಡಗೀಟು. ಸ್ವಲ್ಪ ಉತ್ತರಕ್ಕೆ ಇನ್ನೊಂದು ಬಂದರು, ಅದರ ಮೇಲೆ ‘ಅಲ್ತಮೀರಾ’ ಎಂಬ ಹೆಸರು, ಅಲ್ಲಿಂದ ಟಾಂಪಿಕೋಗೆ ಒಂದು ಲಾರಿ. ನಾನು ಹೇಳಿದ್ದೇ ಸರಿ! ಹಾಳೆಯನ್ನು ಕಾಕನಿಗೆ ತೋರಿಸಿದೆ. ಅವರು ನೋಡಿ, "ಅಳಿವೆ ಎಲ್ಲಿ ಹೋದರೂ ಅಳಿವೆಯೇ" ಎಂದು ತಲೆದೂಗಿದರು.

ಆಮೇಲೆ ನಮ್ಮಿಬ್ಬರದು ಚಿತ್ರದಲ್ಲೇ ವ್ಯವಹಾರ. ನಾನು ಮನೆಯಲ್ಲಿ ಕೂತು ಅಭ್ಯಾಸ ಮಾಡಿದೆ. ಮಗಳು ಭುಜದ ಮೇಲಿಂದ ಇಣುಕಿ, "ಅಮ್ಮಾ, ದಟ್ ಈಸ್ ನಾಟ್ ಎ ಶಿಪ್, ದಟ್ ಈಸ್ ಎ ಚಪ್ಪಲ್" ಎಂದಳು. ಇರಲಿ, ಟಾಂಪಿಕೋದವಳಿಗೆ ಅರ್ಥವಾಗುತ್ತಿತ್ತು. ಒಮ್ಮೆ ಅವಳು ಹಾಳೆಯ ಮೂಲೆಯಲ್ಲಿ ಒಂದು ಏಡಿ ಬರೆದಿದ್ದಳು. ನದಿಯ ಬಾಯಲ್ಲಿ ಏಡಿ ಇರದೆ ಇರುತ್ತದೆಯೇ? ನಾನು ನಮ್ಮೂರಿನ ಏಡಿ ಬರೆದು, ಪಕ್ಕದಲ್ಲಿ ತೆಂಗಿನಕಾಯಿ, ಒಣಮೆಣಸು ಬರೆದು ಕಳಿಸಿದೆ. ಅವಳ ಉತ್ತರ ಬರುವಷ್ಟರಲ್ಲಿ ನಾನು ಮನೆಗೆ ಹೊರಟಿದ್ದೆ.

ಮರುದಿನ ಆಫೀಸಿಗೆ ಬಂದರೆ ಮ್ಯಾನೇಜರು ಒಂದು ಹಾಳೆ ಹಿಡಿದುಕೊಂಡು ನಿಂತಿದ್ದರು. ಅದರಲ್ಲಿ ಒಂದು ದೊಡ್ಡ ಪಾತ್ರೆ, ಅದರಿಂದ ನಾಲ್ಕು ಏಡಿಗಳು ಕಾಲು ಹೊರಚಾಚಿದ್ದವು, ಮೇಲೆ ಹೊಗೆ.

"ಮೇಡಂ, ಇದು ಭಾಳ ಗಂಭೀರ ಐತಿ" ಎಂದರು. "ನಮ್ಮ ಕಂಟೇನರಿನಾಗ ಹುಳ ಬಿದ್ದಾವಂತ. ಹೊಗಿ ಹಾಕಿಸ್ರಿ ಅಂತ ಬರದಾರ."

"ಸಾರ್, ಅದು ಕಂಟೇನರ್ ಅಲ್ಲ, ಪಾತ್ರೆ. ಅದು ಹುಳ ಅಲ್ಲ, ಏಡಿ. ಅವಳು ಸಾರು ಮಾಡುದು ಹೇಗೆ ಅಂತ ಹೇಳಿದ್ದು."

"ಏಡಿಗೆ ಇಷ್ಟು ಕಾಲು ಇರ್ತಾವೇನ್ರೀ?"

ಗದಗಿನವರಿಗೆ ಏಡಿಯ ಕಾಲು ಎಣಿಸಿ ತೋರಿಸುವಷ್ಟರಲ್ಲಿ ತಡವಾಗಿತ್ತು. ಮೊದಲ ಎರಡು ಕಂಟೇನರ್ ನೀರಿನ ಮೇಲಿದ್ದವು, ಅವಕ್ಕೆ ಏನೂ ಮಾಡುವಂತಿರಲಿಲ್ಲ. ಅದೇ ವ್ಯಾಪಾರಿಯ ಇನ್ನೊಂದಷ್ಟು ವಾಲ್ವ್ ರಾಸ್ ಅಲ್ ಖೋರ್‌ನ ಗೋದಾಮಿನಲ್ಲಿದ್ದವು. ಮ್ಯಾನೇಜರು ಬೆಳಿಗ್ಗೆ ಏಳಕ್ಕೇ ಜನ ಕಳಿಸಿಬಿಟ್ಟಿದ್ದರು. ದುಬೈಯಲ್ಲಿ ಹುಳ ಬಿದ್ದ ಕಬ್ಬಿಣಕ್ಕೆ ಔಷಧ ಹೊಡೆಸಿ ಸರ್ಟಿಫಿಕೇಟ್ ಪಡೆದ ಆಫೀಸು ನಮ್ಮದೊಂದೇ ಇರಬೇಕು.

೫. ಮ್ಯಾನೇಜರ ಚಿತ್ರಕಲೆ

ಕೊನೆಗೆ ಹಡಗು ಮುಟ್ಟಿತು. ಟಾಂಪಿಕೋಗಲ್ಲ, ಅಲ್ತಮೀರಾಕ್ಕೆ. ಎರಡೂ ಕಂಟೇನರ್ ಅಲ್ಲಿನ ಅಂಗಳದಲ್ಲಿ ಕೂತವು. ಅವನ್ನು ಟಾಂಪಿಕೋ ಕಾರ್ಖಾನೆಯಲ್ಲಿ ಸಾಮಾನು ಇಳಿಸುವ ಯಾವ ಕಟ್ಟೆಗೆ, ಯಾವ ಗೇಟಿಗೆ, ಯಾವುದು ಮೊದಲು ಒಯ್ಯಬೇಕು ಎಂದು ನಾವು ತಿಳಿಸಬೇಕಿತ್ತು. ಒಂದು ಸಂಜೆಯ ಕೆಲಸ. ರಾಸ್ ಅಲ್ ಖೋರ್‌ನ ವ್ಯಾಪಾರಿ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ ಕೂಗುತ್ತಿದ್ದ.

ಅವತ್ತು ಮಂಗಳವಾರ. ಕಾಕನ ಮನೆ ಒಕ್ಕಲು ಭಾನುವಾರ. ಗುರುವಾರ ವಿಮಾನ ಹತ್ತಿ ಮುಂಬಯಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದರೆ ಶನಿವಾರ ಉಳ್ಳಾಲ. ಟಿಕೆಟ್ ಮಾಡಿಸಿಯಾಗಿತ್ತು. ಕಾಕ ಒಳಗೆ ಹೋಗಿ ಬಂದರು. "ಮುಟ್ಟಿದ್ದು ಸಾಲದಂತೆ ಅಕ್ಕಾ. ಟಾಂಪಿಕೋಗೆ ತಲುಪಿದ ಮೇಲೆ ನೋಡುವಾ ಅಂತಾರೆ." ಹದಿನಾಲ್ಕು ವರ್ಷ ಬಿಸಿಲಿನಲ್ಲಿ ನಿಂತ ಮನುಷ್ಯ ನನ್ನೆದುರು ಕಣ್ಣು ಒರೆಸಿಕೊಳ್ಳುವುದನ್ನು ನಾನು ಮೊದಲ ಸಲ ನೋಡಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಹೋದೆ. "ಸಾರ್, ಕಾಕನ ಪಾಸ್‌ಪೋರ್ಟ್ ಮೇಜಿನ ಮೇಲೆ ಬಂದರೆ ನನ್ನ ಪೆನ್ಸಿಲ್ ಹೊರಗೆ ಬರ್ತದೆ. ಇಲ್ಲದಿದ್ದರೆ ಇಲ್ಲ."

"ಬ್ಲ್ಯಾಕ್‌ಮೇಲ್ ಮಾಡ್ತೀರೇನ್ರೀ?"

"ಹೌದು ಸಾರ್."

ಇಲ್ಲ ಎನ್ನುತ್ತೇನೆಂದು ಅವರು ಕಾದಿದ್ದರೆಂದು ಕಾಣುತ್ತದೆ. ನೀರು ಕುಡಿದರು. "ನೀವಿಲ್ದಿದ್ರ ಹಡಗ ನಿಲ್ಲತಾವೇನು? ಚಿತ್ರ ತಾನ? ನಾನ ಬರೀತೀನಿ. ಖಲಾಸ್."

ಬರೆದರು. ಆರು ಗಂಟೆಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂತವರು ಏಳಕ್ಕೆ ಹೊರಬಂದರು. ಹಾಳೆಯಲ್ಲಿ ಉದ್ದನೆಯ ಒಂದು ಪೆಟ್ಟಿಗೆ, ಅದನ್ನು ಹೊತ್ತ ನಾಲ್ಕು ಚಕ್ರ, ಪಕ್ಕದಲ್ಲಿ ಕೈಜೋಡಿಸಿಕೊಂಡು ನಿಂತ ಮ್ಯಾನೇಜರು. ‘ದಯವಿಟ್ಟು ಕಳಿಸಿ’ ಎನ್ನುವುದಕ್ಕೆ ಕೈ ಜೋಡಿಸಿದ್ದಂತೆ. ತಾವೇ ಫ್ಯಾಕ್ಸ್ ಮಾಡಿ, ನನ್ನ ಕಡೆ ನೋಡಿ ಮೀಸೆ ತಿರುವಿದರು.

ಉತ್ತರ ತಡವಾಗಲಿಲ್ಲ. ಅವರದೇ ಪೆಟ್ಟಿಗೆಯನ್ನು ಅವಳು ವಾಪಸು ಕಳಿಸಿದ್ದಳು. ಅದರ ಮೇಲೆ ಹೂವಿನ ಹಾರ ಹಾಕಿ, ಎರಡೂ ಕಡೆ ಮೇಣದ ಬತ್ತಿ ಹಚ್ಚಿಟ್ಟು, ಕೆಳಗೆ ಎರಡು ಅಳುವ ಕಣ್ಣು ಬರೆದಿದ್ದಳು.

"ಏನಂತ ಇದು?" ಎಂದರು ಮ್ಯಾನೇಜರು.

ಕಾಕ ಹಾಳೆ ನೋಡಿ ಮೆಲ್ಲಗೆ ಹೇಳಿದರು: "ತೀರಿಕೊಂಡದ್ದು ಯಾರು ಅಂತ ಕೇಳ್ತಾ ಇದ್ದಾಳೆ ಸಾರ್. ಅವಳಿಗೆ ತುಂಬ ಬೇಜಾರಾಗಿದೆ."

ಬುಧವಾರ ಬಂತು. ಆ ವಾರಕ್ಕೆ ಇಬ್ಬರ ಬಾಗಿಲೂ ತೆರೆದಿರುವ ಕೊನೆಯ ಸಂಜೆ. ಇದು ತಪ್ಪಿದರೆ ಸೋಮವಾರ, ಅಷ್ಟರಲ್ಲಿ ಉಳ್ಳಾಲದಲ್ಲಿ ಯಜಮಾನನಿಲ್ಲದೆ ಮನೆ ಒಕ್ಕಲು ಮುಗಿದಿರುತ್ತಿತ್ತು. ಮ್ಯಾನೇಜರು ಇನ್ನೊಂದು ಚಿತ್ರ ಬರೆದರು. ಈ ಸಲ ಎರಡು ಪೆಟ್ಟಿಗೆ. ನಾನು ಕೈಕಟ್ಟಿ ಕೂತಿದ್ದೆ. ಹಟ ನನ್ನದು, ಹೋಗುವುದು ಕಾಕನ ಮನೆ ಒಕ್ಕಲು.

ಫ್ಯಾಕ್ಸ್ ಕಿರುಗುಟ್ಟಿತು. ಹಾಳೆ ಇಂಚಿಂಚಾಗಿ ಹೊರಬಂತು. ಪೆಟ್ಟಿಗೆ ಇಲ್ಲ, ಲಾರಿ ಇಲ್ಲ, ಹಡಗೂ ಇಲ್ಲ. ಹಣೆಯಲ್ಲಿ ಬೊಟ್ಟಿಟ್ಟು ಉದ್ದ ಜಡೆ ಹಾಕಿದ ಒಬ್ಬ ಹೆಂಗಸು. ನೀನು ನೋಡಲು ಹೇಗಿದ್ದೀಯ ಎಂದು ಅವಳು ಹಿಂದೊಮ್ಮೆ ಕೇಳಿದಾಗ ನಾನು ನನ್ನನ್ನು ಹಾಗೇ ಬರೆದು ಕಳಿಸಿದ್ದೆ. ಆ ಹೆಂಗಸಿನ ಸುತ್ತ ಪುಟ ತುಂಬ ಪ್ರಶ್ನಾರ್ಥಕ ಚಿಹ್ನೆ. ಇವಳೆಲ್ಲಿ? ಇವಳಿಗೆ ಏನಾಯಿತು? ಆ ಪೆಟ್ಟಿಗೆಯಲ್ಲಿ ಇರುವುದು ಇವಳೇನಾ?

ಮ್ಯಾನೇಜರು ಹಾಳೆಯನ್ನೂ ನನ್ನನ್ನೂ ಮೂರು ಸಲ ನೋಡಿದರು. ಫೋನ್ ಹೊಡೆದುಕೊಳ್ಳುತ್ತಿತ್ತು, ಆ ಕಡೆ ವ್ಯಾಪಾರಿ. ಗಡಿಯಾರದಲ್ಲಿ ಏಳೂಕಾಲು. ಅವರ ಕೈ ಬೆಲ್ಟಿಗೆ ಹೋಯಿತು. ಬೀಗದ ಕೈ ಕಿಣಿಕಿಣಿ ಎಂದಿತು. ಕಾಕನ ಪಾಸ್‌ಪೋರ್ಟ್ ಮೇಜಿನ ಮೇಲೆ ಬಂತು.

"ತಗೋ ಕಾಕಾ. ಯಲ್ಲಾ, ಲಗೂನ ಬರೀರಿ ಮೇಡಂ."

ನಾನು ಪೆನ್ಸಿಲ್ ಮುಟ್ಟಲಿಲ್ಲ. ಕಾಕ ಪಾಸ್‌ಪೋರ್ಟ್ ಬಿಡಿಸಿ, ಫೋಟೋ ತಮ್ಮದೇ ಎಂದು ನೋಡಿ, ಜೇಬಿಗೆ ಹಾಕಿ, ಮೆಟ್ಟಿಲಿಳಿದು, ಕೆಳಗಿನ ಬಟ್ಟೆ ಅಂಗಡಿಯ ಮುಂದಿನಿಂದ "ಅಕ್ಕಾ, ನಾನು ಹೋದೆ!" ಎಂದು ಕೂಗುವವರೆಗೆ ಕಾದೆ. ಆಮೇಲೆ ಬರೆದೆ. ಮೊದಲು ಬೊಟ್ಟಿನ ಹೆಂಗಸು ನಗುತ್ತಿರುವ ಹಾಗೆ, ಬದುಕಿದ್ದೇನೆ ಎಂದು. ಆಮೇಲೆ ಎರಡು ಲಾರಿ, ಗೇಟು, ಕಟ್ಟೆ, ಮೊದಲನೆಯದು, ಎರಡನೆಯದು.

ಎಂಟಕ್ಕೆ ಐದು ನಿಮಿಷ ಇರುವಾಗ ಅವಳ ಉತ್ತರ ಬಂತು. ಅರ್ಧ ಹಾಳೆಯಲ್ಲಿ ಲಾರಿಗಳು ಹೊರಟಿದ್ದವು, ಎಲ್ಲ ಸರಿ ಎಂಬ ಗುರುತು. ಇನ್ನರ್ಧದಲ್ಲಿ ಒಂದು ಮೇಜು. ಮೇಜಿನ ಹಿಂದೆ ಬಾಯಿ ತೆರೆದು, ಎರಡೂ ಕೈ ಮೇಲೆತ್ತಿ ಕೂಗುತ್ತಿರುವ ಒಬ್ಬ ದಪ್ಪ ಮನುಷ್ಯ. ಮುಂದೆ ಕಿವಿಗೆ ಬೆರಳಿಟ್ಟುಕೊಂಡು, ಪೆನ್ಸಿಲ್ಲನ್ನು ಕೂದಲಿಗೆ ಸಿಕ್ಕಿಸಿಕೊಂಡು ಕೂತ ಗಿಡ್ಡ ಕೂದಲಿನ ಹೆಂಗಸು.

ಮ್ಯಾನೇಜರು ಕನ್ನಡಕ ಹಾಕಿಕೊಂಡರು. "ಇದು ನಾನೇನ್ರೀ?"

"ಅಲ್ಲ ಸಾರ್. ನಿಮಗೆ ಮೀಸೆ ಉಂಟು, ಇವರಿಗೆ ಇಲ್ಲ. ಇವರು ಅವಳ ಮ್ಯಾನೇಜರ್."

ಅವರು ಕುರ್ಚಿಯಲ್ಲಿ ಕೂತು ಆ ದಪ್ಪ ಮನುಷ್ಯನನ್ನು ಬಹಳ ಹೊತ್ತು ನೋಡಿದರು. ಅವರ ಮುಖ ಮೆತ್ತಗಾಯಿತು. ಸ್ವಂತ ತಮ್ಮನ ಕಷ್ಟ ಕಂಡವರ ಹಾಗೆ ನಿಟ್ಟುಸಿರು ಬಿಟ್ಟು ಹೇಳಿದರು:

"ಪಾಪ! ಅವಂಗೂ ನಿಮ್ಮಂಥಾಕಿ ಒಬ್ಬಾಕಿ ಗಂಟು ಬಿದ್ದಾಳಲ್ರೀ!"